ನಾಯಿಯನ್ನು ಅಟ್ಟಿದ ಮೊಲ



ನಿನ್ನೆ ಸ್ಟೇಷನ್ನಿನಿಂದ ಬರುವಾಗ ಆಟೋದವರು ಈ ಅಹಮದಾಬಾದು ಹುಟ್ಟಿದ ಕಥೆ ಹೇಳಿದರು. ಸುಲ್ತಾನ ಅಹಮದ್ ಷಾ ಸಾಬರಮತಿಯ ದಂಡೆಯಲ್ಲಿದ್ದಾಗ ಮೊಲವೊಂದು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋಯಿತಂತೆ. ಮೊಲಕ್ಕೇ ಇಷ್ಟು ಕೆಚ್ಚು ಕೊಡುವ ಮಣ್ಣು ಇದು ಅಂತ 1411ರಲ್ಲಿ ಇಲ್ಲೇ ಪಟ್ಟಣ ಕಟ್ಟಿಸಿದನಂತೆ. ನನಗೆ ನಗು ತಡೆಯಲಾಗಲಿಲ್ಲ. ಅಯ್ಯೋ, ಈ ಮೊಲ ನಮ್ಮದಲ್ಲವೇ! 1336ರಲ್ಲಿ ತುಂಗಭದ್ರೆಯ ದಂಡೆಯಲ್ಲಿ ಹಕ್ಕ-ಬುಕ್ಕರ ನಾಯಿಗಳ ಮೇಲೆ ತಿರುಗಿಬಿದ್ದದ್ದು ಇದೇ ತಾನೇ? ಸುದ್ದಿ ಕೇಳಿದ ವಿದ್ಯಾರಣ್ಯರು, ಇದು ಗಂಡುಭೂಮಿ, ಇಲ್ಲೇ ರಾಜಧಾನಿ ಕಟ್ಟಿ ಎಂದರು ಅಂತ ಹಂಪಿಯ ಕಡೆ ಎಲ್ಲರೂ ಹೇಳುತ್ತಾರೆ.

ಯಾರ ಮೊಲ ಮೊದಲು ಅನ್ನುವ ಜಗಳ ಬೇಡ. ಜನಪದ ಕಥೆಗೆ ಪಹಣಿ ಇರುವುದಿಲ್ಲ. ನನಗೆ ಸೋಜಿಗ ಬೇರೆ. ಇಂಥ ಕಥೆಗಳಲ್ಲಿ ಮೊದಲ ದೊರೆ ತಾನಾಗಿ ಏನನ್ನೂ ಆರಿಸಿಕೊಳ್ಳುವುದೇ ಇಲ್ಲ. ಗುರುತು ತೋರಿಸುವುದು ಒಂದು ಪ್ರಾಣಿ, ಎಷ್ಟೋ ಸಲ ಅದರ ಅರ್ಥ ಬಿಡಿಸುವುದು ಒಬ್ಬ ಸನ್ಯಾಸಿ. ಕೆಳದಿಯ ಚೌಡಪ್ಪನಿಗೆ ಲಿಂಗ ಕಂಡದ್ದು ಹಸು ಹುತ್ತದ ಮೇಲೆ ಹಾಲು ಸುರಿಸಿದ್ದರಿಂದ. ಹೊಯ್ಸಳರ ಸೊಸೆವೂರಿನಲ್ಲಿ, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹುಲಿ ನುಗ್ಗಿತು, ಜೈನ ಮುನಿ ‘ಹೊಯ್ ಸಳ’ ಎಂದರು, ಹುಡುಗ ಸಳ ಹೊಯ್ದ. ಹುಲಿ ಆ ದಿನ ಬೇರೆ ದಾರಿ ಹಿಡಿದಿದ್ದರೆ ಸಳ ಬರೀ ಸಳನಾಗಿಯೇ ಉಳಿಯುತ್ತಿದ್ದ! (ಬೇಲೂರಿನ ಶಿಲ್ಪದಲ್ಲಿ ಆ ಹುಲಿ ಸಿಂಹದಂತೆಯೇ ಕಾಣುತ್ತದೆ, ಇರಲಿ.)

ಇನ್ನೊಂದು ಮಾತು ಅಹಮದಾಬಾದಿನ ಕನ್ನಡಿಗರಾದ ನಿಮಗೆ ಹತ್ತಿರದ್ದು. ಇಂಥ ಕಥೆಗಳ ದೊರೆ ಸಾಮಾನ್ಯವಾಗಿ ಪರವೂರಿನವನು. ಮೈಸೂರಿನ ಐತಿಹ್ಯದಂತೆ 1399ರಲ್ಲಿ ಬಂದ ಯದುರಾಯ ಮತ್ತು ಕೃಷ್ಣರಾಯ ದ್ವಾರಕೆಯವರು, ನಿಮ್ಮ ಈ ಗುಜರಾತಿನವರು! ಮಾರನಾಯಕನೆಂಬವನ ಕಾಟದಿಂದ ಮೈಸೂರಿನ ಅರಸುಮಗಳನ್ನು ಬಿಡಿಸಿ, ಯದುರಾಯ ಅವಳನ್ನೇ ಮದುವೆಯಾಗಿ ನೆಲೆನಿಂತ. ಹೊಯ್ಸಳರೂ ಶಾಸನಗಳಲ್ಲಿ ದ್ವಾರಾವತೀಪುರವರಾಧೀಶ್ವರರು, ಅಂದರೆ ದ್ವಾರಕೆಯ ಒಡೆಯರು. ಆದರೆ ಅವರದೇ ಇನ್ನೊಂದು ಬಿರುದು ‘ಮಲೆಪರೊಳ್ ಗಂಡ’. ಮಲೆನಾಡಿನ ಗುಡ್ಡದ ಪಾಳೆಯಗಾರರು ದೊಡ್ಡವರಾದ ಮೇಲೆ ಕೃಷ್ಣನ ಕುಲಕ್ಕೆ ನಂಟು ಬೆಸೆದುಕೊಂಡಿರಬೇಕು ಅಂತ ನನಗನ್ನಿಸುತ್ತದೆ. ನೆಲ ಇಲ್ಲಿಯದು, ವಂಶ ಅಲ್ಲಿಯದು ಎಂದರೆ ಯಾರೂ ಎದುರು ಮಾತಾಡುವುದಿಲ್ಲವಲ್ಲ.

ಅದೇನೇ ಇರಲಿ, ಆಟೋ ಇಳಿಯುವಾಗ ನಾನೊಂದು ಪ್ರಶ್ನೆ ಕೇಳಿದೆ: ಮೊಲಕ್ಕೆ ಹೆದರಿ ಓಡಿದ ಆ ನಾಯಿಗಳು ಆಮೇಲೆ ಏನಾದವು? ಅವರು ಮೀಟರ್ ನೋಡುತ್ತಾ, ‘ಅವೂ ಇಲ್ಲೇ ಉಳಿದುಕೊಂಡವು ಸಾಹೇಬ್, ರಾತ್ರಿ ನಿಮಗೇ ಕೇಳಿಸುತ್ತೆ’ ಅಂದರು.