ಸಂಕಲ್ಪದ ಹಿಂದಿರುವ ಭಾವ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಜಿನಬಿಂಬ ಪ್ರತಿಷ್ಠೆಯ ಈ ಪುಣ್ಯ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡುವ ಅವಕಾಶ ದೊರೆತುದು ನನ್ನ ಭಾಗ್ಯ. ಇಂಥ ಸಮಾರಂಭಗಳಲ್ಲಿ ಅನೇಕರು ಅನೇಕ ಸಂಕಲ್ಪಗಳನ್ನು ಕೈಗೊಳ್ಳುವುದುಂಟು. ಒಬ್ಬರು ವ್ರತ ಹಿಡಿಯುತ್ತಾರೆ. ಒಬ್ಬರು ದಾನಕ್ಕೆ ಮನಮಾಡುತ್ತಾರೆ. ಮತ್ತೊಬ್ಬರು ಮಕ್ಕಳನ್ನು ಉನ್ನತ ಪದವಿಗೆ ಏರಿಸಬೇಕೆಂದು ಮನದಲ್ಲಿಯೇ ನಿಶ್ಚಯಿಸುತ್ತಾರೆ. ಏನು ಮಾಡಬೇಕೆಂಬುದು ನಮಗೆ ಬೇಗ ಹೊಳೆಯುತ್ತದೆ. ಏಕೆ ಮಾಡಬೇಕೆಂದು ನಮ್ಮನ್ನು ನಾವು ಕೇಳಿಕೊಳ್ಳುವುದು ಮಾತ್ರ ವಿರಳ.

ನನ್ನ ಅನುಭವವೊಂದನ್ನು ಸಂಕೋಚದಿಂದಲೇ ಅರಿಕೆ ಮಾಡುತ್ತೇನೆ. ತಾರುಣ್ಯದಲ್ಲೊಮ್ಮೆ ದಶಲಕ್ಷಣ ಪರ್ವದ ಹತ್ತೂ ದಿನ ಏಕಾಶನದಲ್ಲಿರಲು ನಿಶ್ಚಯಿಸಿದೆ. ಮೊದಲ ದಿನಗಳಲ್ಲಿ ಬಂಧುಗಳು ವಿಚಾರಿಸಿದರು, ಮೆಚ್ಚಿದರು. ಐದನೆಯ ದಿನ ಯಾರೂ ಕೇಳಲಿಲ್ಲ. ಅಂದು ಸಂಜೆ ನನ್ನ ಮುಖ ಬಾಡಿದ್ದುದನ್ನು ಕಂಡು ತಾಯಿ ಮೆಲ್ಲಗೆ ಕೇಳಿದರು: “ಮಗೂ, ಹಸಿವು ಹೊಟ್ಟೆಗೋ, ಮನಸ್ಸಿಗೋ?” ನಾನು ಉತ್ತರ ಕೊಡಲಾರದೆ ಹೋದೆ. ಅನ್ನವನ್ನು ಬಿಟ್ಟಿದ್ದೆನಲ್ಲದೆ ಹೊಗಳಿಕೆಯ ಆಹಾರವನ್ನು ಬಿಟ್ಟಿರಲಿಲ್ಲ.

ನಮ್ಮ ಆಚಾರ್ಯರು ಈ ಸೂಕ್ಷ್ಮವನ್ನು ಎಂದೋ ಕಂಡಿದ್ದರು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರನ್ನು ಶಲ್ಯಗಳೆಂದು, ಎಂದರೆ ಒಳಗೆ ನಾಟಿದ ಮುಳ್ಳುಗಳೆಂದು ಕರೆದರು. ವ್ರತದ ಫಲವಾಗಿ ಭೋಗವನ್ನೋ ಪದವಿಯನ್ನೋ ಬಯಸುವುದೇ ನಿದಾನ. ಶಲ್ಯರಹಿತನೇ ನಿಜವಾದ ವ್ರತಿಯೆಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ನಿಲುವು. ಮುಳ್ಳು ಹೊರಗೆ ಕಾಣದು. ನಡೆಯುವಾಗ ಮಾತ್ರ ನೋಯುತ್ತದೆ.

ಬಾಹುಬಲಿಸ್ವಾಮಿಯ ಕಥೆ ತಮಗೆಲ್ಲ ತಿಳಿದುದೇ. ಗೆದ್ದ ರಾಜ್ಯವನ್ನು ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಆ ಮಹಾಪುರುಷನಿಗೂ ಕೇವಲಜ್ಞಾನ ತಡವಾಯಿತು. ತಾನು ನಿಂತಿರುವುದು ಭರತನ ನೆಲವೆಂಬ ಕೊರಗು ಅವನೊಳಗಿತ್ತೆಂದು ನಮ್ಮಲ್ಲಿ ಹೇಳುತ್ತ ಬಂದಿದ್ದಾರೆ. ಭರತನು ಬಂದು ನಮಿಸಿದಾಗ ಆ ಕೊರಗು ಕರಗಿತು, ಜ್ಞಾನ ಬೆಳಗಿತು. ಬಳ್ಳಿ ಹಬ್ಬುವಷ್ಟು ಕಾಲ ನಿಂತ ದೇಹಕ್ಕಿಂತಲೂ, ಒಳಗಿನ ಆ ಒಂದು ಎಳೆಯನ್ನು ಕಳಚುವುದೇ ಕಠಿನವಾಯಿತು.

ಹಾಗಾದರೆ ಭಾವವೆಲ್ಲವೂ ತೊಡಕೇ? ಅಲ್ಲ. ಅತ್ತಿಮಬ್ಬೆಯನ್ನು ನೆನೆಯಿರಿ. ಪತಿ ನಾಗದೇವನು ತೀರಿಕೊಂಡಾಗ, ಅವನ ಮತ್ತೊಬ್ಬ ಪತ್ನಿಯೂ ತನ್ನ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಸಾಕುತ್ತ ವ್ರತಜೀವನವನ್ನು ಹಿಡಿದಳು. ಒಂದೇ ಶೋಕ, ಆದರೆ ಅದು ತೋರಿದ ದಾರಿಗಳು ಎರಡು. ಅಚ್ಚುಮೊಳೆಗಳಿಲ್ಲದ ಆ ಕಾಲದಲ್ಲಿ ಅವಳು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಕೈಯಿಂದ ಬರೆಯಿಸಿ ಹಂಚಿದಳು; 1500 ಜಿನಪ್ರತಿಮೆಗಳನ್ನು ದಾನಮಾಡಿದಳೆಂದೂ ಪ್ರಸಿದ್ಧಿಯಿದೆ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ ಶಾಸನ ಕ್ರಿ.ಶ. 1007ರದು.

ಶಾಂತಿಪುರಾಣವನ್ನೇ ಏಕೆ ಆರಿಸಿದಳು? ಆ ಕಾವ್ಯ ಹುಟ್ಟಿದುದು ಅವಳ ತಂದೆ ಮಲ್ಲಪ ಹಾಗೂ ಚಿಕ್ಕಪ್ಪ ಪುನ್ನಮಯ್ಯರ ಪ್ರೇರಣೆಯಿಂದ, ಅವರ ಗುರು ಜಿನಚಂದ್ರದೇವರ ಸ್ಮರಣೆಗಾಗಿ. ಅವಳ ಅಂತರಂಗವನ್ನು ಕಂಡವರಾರು? ಆದರೂ ತನ್ನವರು ಪ್ರೀತಿಸಿದುದು ಅಳಿಯದಿರಲಿ ಎಂಬ ಹಂಬಲ ಆ ದಾನದ ಬೇರಿನಲ್ಲಿ ಇದ್ದಿರಬೇಕೆಂದು ನನ್ನ ಮನಸ್ಸು ಹೇಳುತ್ತದೆ. ದುಃಖವನ್ನು ಅವಳು ಅಲ್ಲಗಳೆಯಲಿಲ್ಲ. ಅದನ್ನು ಲೋಕಹಿತಕ್ಕೆ ತಿರುಗಿಸಿದಳು. ಕ್ರಿ.ಶ. 993ರ ಅಜಿತಪುರಾಣದಲ್ಲಿ ರನ್ನನು ಅವಳ ಚರಿತೆಯ ಪಾವಿತ್ರ್ಯಕ್ಕೆ ಹೋಲಿಕೆಯಾಗಿ ತಂದವುಗಳಲ್ಲಿ ನಮ್ಮ ಕೊಪಣಾಚಲವೂ ಒಂದು. ಇಂದಿನ ಕೊಪ್ಪಳವೇ ಆ ಕೊಪಣ. ಆ ತೀರ್ಥದ ನೆರಳಿನಲ್ಲಿ ಬಾಳುವ ನಮಗೆ ಇದು ಹೆಮ್ಮೆ ಮಾತ್ರವಲ್ಲ, ಹೊಣೆಯೂ ಹೌದು.

ನಮ್ಮ ಗುರಿಗಳ ಬೇರನ್ನು ನಾವು ಕಾಣುವುದು ಹೇಗೆ? ಸಾಮಾಯಿಕಕ್ಕೆ ಕುಳಿತಾಗ, ಆ ಒಂದು ಮುಹೂರ್ತದ 48 ನಿಮಿಷಗಳಲ್ಲಿ ಮೂರು ಪ್ರಶ್ನೆಗಳಿಗೆ ಎಡೆಗೊಡಿರಿ. ಯಾರೂ ಕಾಣದಿದ್ದರೂ ಇದನ್ನು ಮಾಡುವೆನೇ? ನನ್ನ ಬದಲು ಬೇರೊಬ್ಬನಿಂದ ಇದು ನೆರವೇರಿದರೆ ಸಂತೋಷಪಡುವೆನೇ? ಫಲ ಕೈಗೆ ಬಾರದಿದ್ದರೂ ಮಾಡಿದ್ದು ಸಾರ್ಥಕವೆನ್ನಿಸುವುದೇ? ಮಗ ಅಧಿಕಾರಿಯಾಗಲೆಂದು ಹಂಬಲಿಸುವ ತಂದೆ ಹೀಗೆ ಕೇಳಿಕೊಂಡರೆ, ತಾನು ಎಂದೋ ಉಂಡ ಅವಮಾನವೊಂದು ಒಳಗಿರುವುದನ್ನು ಕಂಡಾನು. ಅದನ್ನು ಕಂಡ ಮೇಲೆ ಮಗನ ಹೆಗಲಿನಿಂದ ಆ ಭಾರವನ್ನಾದರೂ ಇಳಿಸಿಯಾನು. ಮಗನಿಗೆ ಏನು ಬೇಕೆಂದು ಮೊದಲ ಬಾರಿಗೆ ಕೇಳಿಯಾನು.

ಉತ್ತರ ಕಹಿಯಾದರೆ ಸಂಕಲ್ಪವನ್ನು ಕೈಬಿಡಬೇಕಾಗಿಲ್ಲ. ನಾನು ಅಂದು ಏಕಾಶನವನ್ನು ನಿಲ್ಲಿಸಲಿಲ್ಲ. ಉಳಿದ ದಿನಗಳನ್ನು ಯಾರಿಗೂ ಹೇಳದೆ ಪೂರೈಸಿದೆ. ಆ ಐದು ದಿನಗಳೇ ನನ್ನ ಪಾಲಿನ ವ್ರತವಾದುವು ಎಂದು ಇಂದಿಗೂ ಭಾವಿಸಿದ್ದೇನೆ.

ಬಾಂಧವರೇ, ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ಮೋಕ್ಷಗಳೆಂಬ ಪಂಚಕಲ್ಯಾಣಗಳ ವಿಧಿಯಿಂದ ಶಿಲೆಯು ಪೂಜ್ಯಬಿಂಬವಾಗುತ್ತದೆ. ಬಿಂಬದ ಮುಂದೆ ಕೈಮುಗಿದು ನಿಂತಾಗ ನಮಗೆ ಏನು ಬೇಕೆಂಬುದನ್ನು ಬೇಡುವುದಕ್ಕೆ ಮುನ್ನ, ಅದು ಏಕೆ ಬೇಕೆಂಬುದನ್ನು ನಮ್ಮೊಳಗೆ ಕೇಳಿಕೊಳ್ಳೋಣ. ಈ ಬಸದಿಯ ಬಾಗಿಲು ದಾಟುವ ಪ್ರತಿಯೊಬ್ಬರ ಭಾವವೂ ನಿರ್ಮಲವಾಗಲೆಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.

ಜಯ ಜಿನೇಂದ್ರ.