ಕಾಲೇಜು ಶಿಕ್ಷಣದಲ್ಲಿ ಪರಿಸರ, ಸಮಾಜ ಮತ್ತು ಅಧ್ಯಯನಕ್ರಮ

(ಸಂಘದ ವಾರ್ಷಿಕೋತ್ಸವದಲ್ಲಿ, ಹೈಯರ್ ಸೆಕೆಂಡರಿ ಮುಗಿಸಿದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವರ್ಷ ನಮ್ಮ ಶಾಲೆಯಿಂದ ಕಾಲೇಜಿಗೆ ಹೋಗುವ ಮಕ್ಕಳಿಗೆ ಎರಡು ಹಿತವಚನಗಳನ್ನು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಶೀಲ, ಶಿಸ್ತು, ಉದ್ಯೋಗ ಇವುಗಳ ಕುರಿತು ಮಾತನಾಡುವುದು ಇಂತಹ ಸಂದರ್ಭದ ವಾಡಿಕೆ. ನಾನಾದರೋ ಇಂದು ಕಾಲೇಜಿನ ಮೂರು ಪಾಠಗಳ ವಿಚಾರವನ್ನೇ ಎತ್ತಿಕೊಳ್ಳುತ್ತೇನೆ. ಪರಿಸರವೊಂದು, ಸಮಾಜವೊಂದು, ಓದುವ ಕ್ರಮವನ್ನೇ ಕಲಿಸುವ ಪಾಠವೊಂದು. ನೀವು ಇತಿಹಾಸವನ್ನು ಆರಿಸಿಕೊಳ್ಳಿರಿ, ವಾಣಿಜ್ಯವನ್ನೋ ರಸಾಯನಶಾಸ್ತ್ರವನ್ನೋ ಆರಿಸಿಕೊಳ್ಳಿರಿ, ಇವು ಒಂದಲ್ಲ ಒಂದು ರೂಪದಲ್ಲಿ ನಿಮ್ಮ ಪಾಲಿಗೆ ಬಂದೇ ಬರುತ್ತವೆ.

ಪರಿಸರದ ಪಾಠ ಕಾಲೇಜಿನೊಳಗೆ ಪ್ರವೇಶಿಸಿದ ಬಗೆ ಸ್ವಾರಸ್ಯವಾದುದು. ನ್ಯಾಯವಾದಿ ಎಂ. ಸಿ. ಮೆಹತಾ ಅವರು ಹೂಡಿದ ಮೊಕದ್ದಮೆಯಲ್ಲಿ ೧೯೯೧ನೆಯ ಇಸವಿ ನವೆಂಬರ್ ೨೨ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಶಾಲೆಗಳಲ್ಲಿ ಪರಿಸರ ಶಿಕ್ಷಣವು ಕಡ್ಡಾಯವಾಗಬೇಕೆಂದೂ, ಕಾಲೇಜುಗಳ ವಿಷಯದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಆಲೋಚಿಸಬೇಕೆಂದೂ ಅದು ಹೇಳಿತು. ತರುವಾಯ ಆಯೋಗವು ಎಲ್ಲ ಪದವಿ ತರಗತಿಗಳಿಗಾಗಿ ಆರು ತಿಂಗಳ ಒಂದು ಪಠ್ಯಕ್ರಮವನ್ನು ಸಿದ್ಧಪಡಿಸಿತು. ಅದರಲ್ಲಿ ಒಟ್ಟು ೮ ಭಾಗಗಳು. ಆರನೆಯ ಭಾಗ ಸಾಮಾಜಿಕ ಸಮಸ್ಯೆಗಳಿಗೂ ಪರಿಸರಕ್ಕೂ ಇರುವ ಸಂಬಂಧವನ್ನು ಹೇಳುತ್ತದೆ. ಏಳನೆಯದು ಜನಸಂಖ್ಯೆಯನ್ನು ಕುರಿತದ್ದು. ಕೊನೆಯದಾದ ಎಂಟನೆಯದು ತರಗತಿಯ ಹೊರಗೆ ಹೋಗಿ ನೋಡಿ ಬರೆಯುವ ಕೆಲಸ. ೧೦೦ ಅಂಕಗಳಲ್ಲಿ ೨೫ ಅಂಕಗಳನ್ನು ಈ ಹೊರಗಿನ ಕೆಲಸಕ್ಕೇ ಮೀಸಲಿಟ್ಟಿದ್ದರು. ೨೦೨೨ರ ಡಿಸೆಂಬರಿನಲ್ಲಿ ಆಯೋಗವು ಪದವಿ ಶಿಕ್ಷಣಕ್ಕೆ ಹೊಸ ಚೌಕಟ್ಟನ್ನು ಪ್ರಕಟಿಸಿದಾಗಲೂ ಪರಿಸರಕ್ಕೆ ಅದರಲ್ಲಿ ಸ್ಥಾನ ದೊರೆಯಿತು. ನಮ್ಮ ಕೇರಳದಲ್ಲಿ ೨೦೨೪ರ ಜುಲೈ ತಿಂಗಳಿನಿಂದ ನಾಲ್ಕು ವರ್ಷಗಳ ಪದವಿ ವ್ಯಾಸಂಗವು ಆರಂಭವಾಗಿದ್ದು, ಮುಖ್ಯ ವಿಷಯದ ಜೊತೆಗೆ ಭಾಷಾಸಾಮರ್ಥ್ಯ, ಕೌಶಲ, ಮೌಲ್ಯ ಇವುಗಳ ಪಾಠಗಳೂ ಸೇರಿವೆ.

ವ್ಯವಸ್ಥೆಯೇನೋ ಉತ್ತಮವಾಗಿದೆ. ಆದರೆ ಇಂತಹ ಪಾಠಗಳನ್ನು ವಿದ್ಯಾರ್ಥಿಗಳು ಕಾಣುವ ದೃಷ್ಟಿ ಬೇರೆ. ಮುಖ್ಯ ವಿಷಯವೇ ವಿದ್ಯೆ, ಉಳಿದುದೆಲ್ಲ ಪಾಸಾದರೆ ಸಾಕು ಎಂಬ ಭಾವನೆ. ಪರೀಕ್ಷೆಗೆ ಎರಡು ದಿನ ಮುಂಚೆ ಗೈಡನ್ನು ಕೊಂಡು ಬಾಯಿಪಾಠ ಮಾಡಿದರೆ, ಹಳೆಯ ವಿದ್ಯಾರ್ಥಿಯ ವರದಿಯನ್ನು ನಕಲು ಮಾಡಿ ಒಪ್ಪಿಸಿದರೆ ಕೆಲಸ ಮುಗಿಯಿತು. ಇದರಿಂದ ಕಾಲೇಜಿಗೆ ನಷ್ಟವಿಲ್ಲ. ನಷ್ಟವಾಗುವುದು ನಮಗೆ, ಅದರಲ್ಲಿಯೂ ಈ ಗಡಿನಾಡಿನವರಿಗೆ. ಹೇಗೆಂಬುದನ್ನು ನಮ್ಮ ಜಿಲ್ಲೆಯದೇ ಒಂದು ದೃಷ್ಟಾಂತದಿಂದ ವಿವರಿಸುತ್ತೇನೆ.

ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವನ್ನು ನೀವೆಲ್ಲ ಬಲ್ಲಿರಿ. ಅಲ್ಲಿಯ ಗುಡ್ಡಗಳ ಮೇಲೆ ಸರಕಾರೀ ನಿಗಮವೊಂದರ ಗೇರುತೋಟಗಳಿವೆ. ಟೀ ಸೊಳ್ಳೆಯೆಂಬ ಕೀಟದ ನಾಶಕ್ಕಾಗಿ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸುತ್ತಿದ್ದರು. ಮೇಲೆ ತೋಟ, ಕೆಳಗೆ ಮನೆ. ಮೇಲಿನ ನೀರೇ ಕೆಳಗಿನವರ ಸುರಂಗಕ್ಕೂ ತೋಡಿಗೂ ಬರುವುದು. ಹುಟ್ಟುತ್ತಲೇ ಅಂಗವಿಕಲವಾದ ಕರುಗಳನ್ನು ಕಂಡು ಸಂಶಯಪಟ್ಟು ಬರೆದ ಮೊದಲಿಗರಲ್ಲಿ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಒಬ್ಬರು. ಇಷ್ಟು ಸಣ್ಣ ಊರಿನಲ್ಲಿ ಕೆಲವು ವ್ಯಾಧಿಗಳು ಇಷ್ಟೊಂದು ಸಂಖ್ಯೆಯಲ್ಲಿ ಏಕಿರಬೇಕೆಂದು ಪ್ರಶ್ನಿಸಿದವರು ಅಲ್ಲಿಯೇ ಚಿಕಿತ್ಸೆ ನಡೆಸುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರರು. ಜಿಲ್ಲೆಯ ತೆಂಕಣ ಭಾಗದಲ್ಲಿ, ಪೆರಿಯದಲ್ಲಿ, ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮನವರು ೧೯೯೮ರಲ್ಲಿ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು.

ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದರು. ತೋಟದ ಕೆಳಗಿನ ಊರಿನ ೧೧೭ ಬಾಲಕರನ್ನು ಪರೀಕ್ಷಿಸಿ ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಸಿಂಪಡಣೆಯೇ ಇಲ್ಲದ, ಸುಮಾರು ೨೦ ಕಿಲೋಮೀಟರು ದೂರದ ಇನ್ನೊಂದು ಊರಿನ ೯೦ ಬಾಲಕರನ್ನೂ ಪರೀಕ್ಷಿಸಿದರು. ಒಂದನ್ನು ಇನ್ನೊಂದರೊಡನೆ ಹೋಲಿಸದೆ ಕಾರಣವನ್ನು ಹೇಳಲಾಗದು ಎಂಬ ಶಾಸ್ತ್ರನಿಯಮ ಇದು. ಆ ಅಧ್ಯಯನವು ೨೦೦೩ರಲ್ಲಿ ಪ್ರಕಟವಾಯಿತು. ವಿಜ್ಞಾನಿಗಳೊಳಗೆ ವಾದವಿವಾದ ಬಹುಕಾಲ ನಡೆದರೂ ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಆ ಔಷಧದ ತಯಾರಿಕೆಯನ್ನೂ ಮಾರಾಟವನ್ನೂ ತಡೆಯಿತು. ಬಾಧಿತರಿಗೆ ತಲಾ ೫ ಲಕ್ಷ ರೂಪಾಯಿಗಳ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ೨೦೧೭ರ ಜನವರಿ ೧೦ರಂದು ಆಜ್ಞಾಪಿಸಿತು.

ವಿದ್ಯಾರ್ಥಿಗಳೆ, ಈ ವೃತ್ತಾಂತದಲ್ಲಿ ಪರಿಸರದ ಪಾಠ ಎಲ್ಲಿ ಮುಗಿಯಿತು, ಸಮಾಜದ ಪಾಠ ಎಲ್ಲಿ ಮೊದಲಾಯಿತು? ಕೀಟ, ಔಷಧ, ನೀರು ಇವು ಪರಿಸರ. ತೋಟ ಯಾರದು, ಕೆಳಗೆ ವಾಸಿಸುವವರು ಯಾರು, ಯಾರ ಮಾತನ್ನು ಅಧಿಕಾರಿಗಳು ಕೇಳುತ್ತಾರೆ ಎಂಬುದು ಸಮಾಜ. ನೋಡುವುದು, ಎಣಿಸುವುದು, ಬರೆದಿಡುವುದು, ಹೋಲಿಸುವುದು, ಪ್ರಶ್ನಿಸುವುದು, ಇದೇ ಅಧ್ಯಯನಕ್ರಮ. ಕಾಲೇಜಿನಲ್ಲಿ ಮೂರು ಪುಸ್ತಕಗಳಾಗಿ ಬರುವುದು ಊರಿನಲ್ಲಿ ಒಂದೇ ಆಗಿದೆ.

ಇನ್ನೊಂದು ಮುಖ್ಯ ಸಂಗತಿ. ಆ ಊರುಗಳ ರೋಗಿಗಳು ತಮ್ಮ ನೋವನ್ನು ಹೇಳಿಕೊಂಡದ್ದು ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ. ವಿಜ್ಞಾನಿಗಳ ವರದಿ ಅಚ್ಚಾದದ್ದು ಇಂಗ್ಲಿಷಿನಲ್ಲಿ. ಈ ಎರಡರ ನಡುವೆ ನಿಂತು, ಇತ್ತಲಿನದನ್ನು ಅತ್ತಲೂ ಅತ್ತಲಿನದನ್ನು ಇತ್ತಲೂ ತಪ್ಪಿಲ್ಲದೆ ತಿಳಿಸಬಲ್ಲವರು ಬೇಕು. ಆ ಕಾರ್ಯಕ್ಕೆ ನಿಮಗಿಂತ ಅರ್ಹರು ಯಾರು? ಕನ್ನಡದಲ್ಲಿ ಓದಿದೆವೆಂಬ ಸಂಕೋಚದಿಂದ ಕಾಲೇಜಿನ ಮೊದಲ ವರ್ಷದಲ್ಲಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತುಬಿಡುವ ಮಕ್ಕಳಿಗೆ ನಾನು ಹೇಳಬೇಕಾದುದು ಇದೇ. ನೀವು ಬರಿಗೈಯಲ್ಲಿ ಹೋಗುತ್ತಿಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಪಂಪಿನ ಹಂಗಿಲ್ಲದೆ ನೀರನ್ನು ಹರಿಸಿ ತರುವ ಸುರಂಗವನ್ನು ನೀವು ಕಂಡಿದ್ದೀರಿ. ಮಳೆನೀರನ್ನು ಇಂಗಿಸುವ ಮದಕ, ಬೇಸಗೆಗೆ ಮುನ್ನ ತೋಡಿಗೆ ಹಾಕುವ ಕಟ್ಟ ಇವುಗಳ ಅರ್ಥ ನಿಮಗೆ ಗೊತ್ತು. ಬೈಲು, ಮಜಲು, ಬೆಟ್ಟು ಎಂದು ನಿಮ್ಮ ಅಜ್ಜಂದಿರು ಗದ್ದೆಗಳನ್ನು ವಿಂಗಡಿಸಿದ್ದು ನೀರಿನ ಲಭ್ಯತೆಯನ್ನು ನೋಡಿಯೇ. ಪ್ರಾಧ್ಯಾಪಕರು ಜಲಸಂರಕ್ಷಣೆಯ ಪಾಠ ಹೇಳುವಾಗ ಎದ್ದು ನಿಂತು ಇದನ್ನು ಹೇಳಿರಿ. ವಾಕ್ಯದಲ್ಲಿ ವ್ಯಾಕರಣದೋಷ ಬಂದರೆ ಬರಲಿ.

ಓದುವ ಕ್ರಮವನ್ನೂ ಕಲಿಸಬೇಕೆ ಎಂದು ಹಿರಿಯರು ಕೇಳಬಹುದು. ಇಂಗ್ಲಿಷೇ ಮನೆಮಾತಾದ ಅಮೇರಿಕದಲ್ಲಿ, ದಕ್ಷಿಣ ಕ್ಯಾರೊಲೈನ ವಿಶ್ವವಿದ್ಯಾನಿಲಯವು ೧೯೭೨ರಲ್ಲಿಯೇ ಹೊಸ ವಿದ್ಯಾರ್ಥಿಗಳಿಗೆ ಕಾಲೇಜು ಜೀವನವನ್ನು ಕಲಿಸುವ ಪ್ರತ್ಯೇಕ ಪಾಠವನ್ನು ಆರಂಭಿಸಿತು. ಅವರಿಗೇ ಬೇಕಾದುದು ನಮಗೆ ಬೇಡವೆ? ಕಾರ್ನೆಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು ಟಿಪ್ಪಣಿ ಬರೆಯುವ ಒಂದು ವಿಧಾನವನ್ನು ಪ್ರಚಾರಕ್ಕೆ ತಂದರು. ಹಾಳೆಯ ಬಲಭಾಗದ ಅಗಲವಾದ ಜಾಗದಲ್ಲಿ ಪಾಠದ ಸಾರ. ಎಡಭಾಗದ ಕಿರಿದಾದ ಜಾಗದಲ್ಲಿ ಮುಖ್ಯ ಪದಗಳೂ ಪ್ರಶ್ನೆಗಳೂ. ಅಡಿಯಲ್ಲಿ ಎರಡು ಮೂರು ವಾಕ್ಯಗಳ ಸಂಗ್ರಹ. ಮನೆಗೆ ಬಂದು ಬಲಭಾಗವನ್ನು ಮುಚ್ಚಿ, ಎಡಭಾಗದ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಬೇಕು. ಇದಕ್ಕೆ ನನ್ನದೊಂದು ಸೇರ್ಪಡೆ. ಎಡಭಾಗದಲ್ಲಿ ಪ್ರತಿಯೊಂದು ಇಂಗ್ಲಿಷ್ ಪದದ ಪಕ್ಕದಲ್ಲಿ ಅದರ ಕನ್ನಡವನ್ನೂ, ನಮ್ಮ ಊರಿನ ಮಾತಿದ್ದರೆ ಅದನ್ನೂ ಬರೆಯಿರಿ. ಅಡಿಯ ಸಂಗ್ರಹವನ್ನು ಮೊದಲು ಕನ್ನಡದಲ್ಲಿ ಬರೆದು, ಮರುದಿನ ಇಂಗ್ಲಿಷಿನಲ್ಲಿ ಬರೆಯಿರಿ. ತಿಳಿಯದುದನ್ನು ಬಾಯಿಪಾಠ ಮಾಡಬಹುದು. ಆದರೆ ತಿಳಿಯದುದನ್ನು ಎರಡು ಭಾಷೆಗಳಲ್ಲಿ ಸ್ವಂತ ಮಾತಿನಿಂದ ಬರೆಯಲು ಸಾಧ್ಯವಿಲ್ಲ.

ಸಂಘದ ಹಿರಿಯರಲ್ಲಿಯೂ ಒಂದು ಅರಿಕೆಯಿದೆ. ಫಲಿತಾಂಶ ಬಂದ ಮೇಲೆ ಕಾಲೇಜು ತೆರೆಯುವ ಮುಂಚೆ ನಮ್ಮ ಮಕ್ಕಳಿಗೆ ಬಿಡುವಿರುತ್ತದೆ. ಆ ಅವಧಿಯಲ್ಲಿ ಎರಡು ವಾರಗಳ ಪೂರ್ವಸಿದ್ಧತಾ ತರಗತಿಯನ್ನು ಸಂಘವು ನಡೆಸಿದರೆ, ಈಗ ಕಾಲೇಜಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಬಂದು ಪಾಠ ಹೇಳಬಲ್ಲರು. ಅವರ ಟಿಪ್ಪಣಿಗಳಿಂದ ಪದಗಳನ್ನು ಆಯ್ದು ವರ್ಷಕ್ಕೊಮ್ಮೆ ಒಂದು ಚಿಕ್ಕ ಪದಸಂಗ್ರಹವನ್ನು ಅಚ್ಚುಮಾಡಿಸಬಹುದು. ಕಟ್ಟಡಕ್ಕಾಗುವ ವೆಚ್ಚದ ಮುಂದೆ ಇದರ ವೆಚ್ಚ ಅತ್ಯಲ್ಪ. ಕಾಲೇಜಿಗೆ ಹೋದ ನಮ್ಮ ಮಗುವೊಂದು ಮೊದಲ ವರ್ಷದಲ್ಲಿಯೇ ಎದೆಗುಂದಿ ಹಿಂದಿರುಗಿದರೆ, ಮರುವರ್ಷ ಅದರ ನೆರೆಮನೆಯವರು ತಮ್ಮ ಮಗುವನ್ನು ಕನ್ನಡ ಶಾಲೆಗೆ ಕಳುಹಿಸಲು ಹಿಂಜರಿಯುತ್ತಾರೆ. ಆದುದರಿಂದ ಇದು ಆ ಮಗುವಿನ ಪ್ರಶ್ನೆ ಮಾತ್ರವಲ್ಲ, ಈ ಶಾಲೆಯ ಅಳಿವು ಉಳಿವಿನ ಪ್ರಶ್ನೆಯೂ ಹೌದೆಂದು ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ಪ್ರಿಯ ವಿದ್ಯಾರ್ಥಿಗಳೆ, ಪರಿಸರದ ಪಾಠಕ್ಕೆ ವರದಿ ಬರೆಯಬೇಕಾಗಿ ಬಂದಾಗ ದೂರದ ಕಾರಖಾನೆಯನ್ನು ಹುಡುಕಿಕೊಂಡು ಹೋಗಬೇಡಿರಿ. ನಿಮ್ಮ ಮನೆಯ ಹಿಂದಿನ ತೋಡಿನಲ್ಲಿ ಯಾವ ತಿಂಗಳಿನವರೆಗೆ ನೀರಿರುತ್ತದೆ, ಹಿಂದೆ ಎಲ್ಲಿಯವರೆಗೆ ಇರುತ್ತಿತ್ತು ಎಂದು ಹಿರಿಯರನ್ನು ಕೇಳಿ ಬರೆಯಿರಿ. ಬರೆದುದರ ಒಂದು ಪ್ರತಿಯನ್ನು ನಮ್ಮ ಶಾಲೆಯ ವಾಚನಾಲಯಕ್ಕೂ ತಂದುಕೊಡಿರಿ. ಮುಂದಿನ ತರಗತಿಯವರಿಗೆ ಅದೇ ಪಠ್ಯಪುಸ್ತಕವಾಗಲಿ.