ಸೀಟು ಸಿಕ್ಕಿದ ಮೇಲೆ

(ಸಂಘದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ವೈದ್ಯಕೀಯ ಸೀಟು ಪಡೆದ ಮಕ್ಕಳಿಗೆ ಇಂದು ಶಾಲು ಹೊದಿಸಿದ್ದೇವೆ. ಸಂತೋಷ. ಆದರೆ ಕಾಲೇಜು ಸೇರಿದ ಮೂರನೇ ತಿಂಗಳಲ್ಲಿ ಆ ಮಗು ಹೇಗಿದೆ ಎಂದು ವಿಚಾರಿಸುವವರು ನಮ್ಮಲ್ಲಿ ಎಷ್ಟು ಜನ?

ವಿದ್ಯಾರ್ಥಿಗಳೇ, ಊರಿನಲ್ಲಿ ನೀವು ಮೊದಲಿಗರು. ಅಲ್ಲಿ ನಿಮ್ಮ ಪಕ್ಕ ಕೂತವರೆಲ್ಲ ಅವರವರ ಊರಿನ ಮೊದಲಿಗರೇ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರೂ ಒಟ್ಟಿಗೆ ಮೈಮೇಲೆ ಬರುತ್ತವೆ. ಹತ್ತನೇ ತರಗತಿಯವರೆಗೆ ಉರ್ದುವಿನಲ್ಲೋ ಕನ್ನಡದಲ್ಲೋ ಓದಿದವರಿಗೆ ವೈವಾದಲ್ಲಿ ಉತ್ತರ ಗೊತ್ತಿದ್ದೂ ಇಂಗ್ಲಿಷ್ ವಾಕ್ಯ ಬಾಯಿಗೆ ಬರುವುದಿಲ್ಲ. ಅದಕ್ಕೆ ನಾಚಬೇಡಿ. ಗೆಳೆಯರ ಎದುರು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಒಂದು ವಿಷಯ ಹೋದರೂ ಪೂರಕ ಪರೀಕ್ಷೆ ಇದೆ. ಮೊದಲ ವರ್ಷ ಮುಗಿಸಲು ನಿಯಮದಲ್ಲೇ ನಾಲ್ಕು ಅವಕಾಶಗಳಿವೆ.

ಇನ್ನೊಂದು ಭಾರ ನಾವು ಹೊರಿಸಿದ್ದು. ಸೀಟು ಸಿಕ್ಕ ದಿನವೇ ಮೊಹಲ್ಲಾದಲ್ಲಿ ‘ಡಾಕ್ಟರ್ ಸಾಹೇಬ್’ ಎನ್ನಲು ಶುರುಮಾಡುತ್ತೇವೆ. (ಬಿ.ಪಿ. ಮಾತ್ರೆ ತೋರಿಸುವವರೂ ಇದ್ದಾರೆ!) ಆಮೇಲೆ ಆ ಮಗು ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ ಅಮ್ಮಿ’ ಎನ್ನದೆ ಇನ್ನೇನು ಹೇಳೀತು?

ಇಂಥವರು ಒಬ್ಬಿಬ್ಬರಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ 2024ರ ವರದಿಯಂತೆ, ಸಮೀಕ್ಷೆಗೆ ಉತ್ತರಿಸಿದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಜನ ತಮಗೆ ಮಾನಸಿಕ ತೊಂದರೆ ಇದೆ ಎಂದು ತಿಳಿಸಿದ್ದಾರೆ.

ಎರಡು ವಾರ ನಿದ್ರೆ, ಹಸಿವು ಕೆಟ್ಟರೆ, ತರಗತಿಗೆ ಹೋಗಲು ಮನಸ್ಸೇ ಬಾರದಿದ್ದರೆ ನಿಮ್ಮ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಪಾಠ ಹೇಳುವವರ ಮುಂದೆಯೇ ಕೂರಬೇಕಲ್ಲ ಎಂಬ ಅಳುಕು ಸಹಜ. ಆದರೆ ನಿಮ್ಮ ವಿವರವನ್ನು ಗುಟ್ಟಾಗಿ ಇಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ. ಆದರೂ ಸಂಕೋಚವೇ? 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ. ಉಚಿತ, ಹಗಲು ರಾತ್ರಿ ಕನ್ನಡದಲ್ಲೂ ಮಾತನಾಡಬಹುದು. ಸಾಯುವ ಯೋಚನೆ ಬಂದರೆ ಮಾತ್ರ ಎರಡು ವಾರದ ಲೆಕ್ಕ ಬೇಡ. ಆ ಗಳಿಗೆಯಲ್ಲೇ ಪಕ್ಕದ ಕೋಣೆಯವರನ್ನು ಎಬ್ಬಿಸಿ, ಒಬ್ಬರೇ ಇರಬೇಡಿ.

ಪೋಷಕರೇ, ‘ನಮಾಜು ಸರಿಯಾಗಿ ಮಾಡಿದ್ದರೆ ಇದೆಲ್ಲ ಬರುತ್ತಿರಲಿಲ್ಲ’ ಎಂದು ಗದರಿಸಬೇಡಿ. ನಮಾಜಿನಿಂದ ನೆಮ್ಮದಿ ಸಿಗುತ್ತದೆ, ಒಪ್ಪಿದೆ. ಸಕ್ಕರೆ ಕಾಯಿಲೆಗೆ ದುವಾ ಜೊತೆಗೆ ದವಾ ಕೊಡಿಸುವ ನಾವು ಮನಸ್ಸಿನ ಕಾಯಿಲೆಗೆ ಮಾತ್ರ ದವಾ ಯಾಕೆ ಬಿಡಬೇಕು?

ಸಂಘಕ್ಕೆ ಒಂದು ಮನವಿ. ಹಿಂದಿನ ವರ್ಷಗಳಲ್ಲಿ ಸನ್ಮಾನ ಪಡೆದು ಈಗ ಓದುತ್ತಿರುವವರು ಇಲ್ಲೇ ಇದ್ದಾರೆ. ಹೊಸಬರಿಗೆ ಅವರಲ್ಲಿ ಒಬ್ಬೊಬ್ಬರನ್ನು ಜೊತೆ ಮಾಡೋಣ. ಹುಡುಗಿಯರಿಗೆ ಅವರ ಸೀನಿಯರ್ ಹುಡುಗಿಯರೇ ಇರಲಿ. ವಾರಕ್ಕೊಂದು ಕರೆ ಸಾಕು. ಅಂಕ ಕೇಳಬೇಡಿ, ಊಟ ಆಯಿತೇ, ನಿದ್ದೆ ಬಂತೇ ಎಂದು ಕೇಳಿ. ಒಪ್ಪುವವರು ಇಂದು ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಯವರ ಬಳಿ ಹೆಸರು, ಫೋನ್ ನಂಬರ್ ಬರೆಸಿ.